250 ವ್ಯಾಟ್ ಸಾಕು, ಬ್ಯಾಟರಿಯನ್ನು ಮಾತ್ರ ತೂಗಿ ನೋಡಿ ತಗೊಳ್ಳಿ

ಸೈಕಲ್‌ಗೆ ಮೋಟಾರ್ ಹಾಕಿಸೋಣ ಅಂತ ಅಂಗಡಿಗೆ ಹೋದವರು ಮೊದಲು ಕೇಳುವುದು ಎಷ್ಟು ವ್ಯಾಟ್ ಅಂತ. ಅಂಗಡಿಯವರೂ ಅಲ್ಲಿಂದಲೇ ಶುರು ಮಾಡುತ್ತಾರೆ. 250 ಇದೆ, 350 ಇದೆ, ಸ್ವಲ್ಪ ಜಾಸ್ತಿ ಕೊಟ್ಟರೆ 500 ಇದೆ. ನನ್ನ ಅನುಭವದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ನಾನು ಹಾಕಿಸಿಕೊಂಡಿರುವುದು 36 ವೋಲ್ಟ್, 250 ವ್ಯಾಟ್‌ನ ಹಬ್ ಮೋಟಾರ್ ಕಿಟ್, ಅಂದರೆ ಚಕ್ರದ ನಡುಭಾಗದಲ್ಲೇ ಮೋಟಾರ್ ಕೂರುವಂಥದ್ದು. ಅದೇ ಮೋಟಾರ್‌ಗೆ ಎರಡು ಬೇರೆ ಬೇರೆ ಬ್ಯಾಟರಿ ಹಾಕಿ, ಅದೇ ರಸ್ತೆಯಲ್ಲಿ, ಅಷ್ಟೇ ಹೊರೆ ಹೊತ್ತು ಓಡಿಸಿದ್ದೇನೆ. ಎಷ್ಟು ದೂರ ಹೋಗುತ್ತದೆ ಅನ್ನುವುದು ಬದಲಾಯಿತು, ಅದು ಸಹಜ. ಆದರೆ ಏರಿನಲ್ಲಿ ಎಳೆಯುವ ರೀತಿಯೂ ಬದಲಾಯಿತು. ಅದನ್ನು ಯಾವ ಅಂಗಡಿಯವರೂ ನನಗೆ ಹೇಳಿರಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮ ಮನೆ ಗಿರಿನಗರದಲ್ಲಿ. ನಾನೂ ನನ್ನ ಹೆಂಡತಿಯೂ ಸೇರಿ ಚಟ್ನಿಪುಡಿ, ಸಾರಿನಪುಡಿ, ಮೆಂತ್ಯದ ಹಿಟ್ಟು, ಬಾಳಕದ ಮೆಣಸಿನಕಾಯಿ ಮಾಡಿ ಗಾಂಧಿ ಬಜಾರ್ ಮತ್ತು ಮಲ್ಲೇಶ್ವರದ ಕಾಂಡಿಮೆಂಟ್ಸ್ ಅಂಗಡಿಗಳಿಗೆ ಕೊಡುತ್ತೇವೆ. ಮೊದಲಿಂದಲೂ ಸೈಕಲ್ಲೇ. ಹಿಂದೆ ಕ್ಯಾರಿಯರ್, ಅದರ ಎರಡೂ ಪಕ್ಕ ಚೀಲ, ಒಟ್ಟು 15 ಕೆಜಿ ಸಾಮಾನು. ಸ್ಕೂಟರ್ ಯಾಕೆ ಬೇಡ ಅಂತ ಎಲ್ಲರೂ ಕೇಳುತ್ತಾರೆ. ನನಗೆ ತುಳಿಯುವುದು ಇಷ್ಟ, ಅಷ್ಟೇ. ಆದರೆ ಐವತ್ತು ದಾಟಿದ ಮೇಲೆ ಹೊರೆ ಇಟ್ಟುಕೊಂಡು ಏರು ಹತ್ತಿದರೆ ಮಂಡಿ ನೋಯುತ್ತಿತ್ತು. ಏರಿನಲ್ಲಿ ಮಾತ್ರ ಯಾರಾದರೂ ಹಿಂದಿನಿಂದ ಸ್ವಲ್ಪ ತಳ್ಳಿದರೆ ಸಾಕು ಅನ್ನುವುದು ನನ್ನ ಬೇಡಿಕೆ.

ಕಾರಿನಲ್ಲಿ ಕೂತವರಿಗೆ ಬೆಂಗಳೂರು ಚಪ್ಪಟೆ ಊರು ಅನ್ನಿಸಬಹುದು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರು ದಿಣ್ಣೆಗಳ ಮೇಲೆ ಕೂತಿದೆ. ಒಂದು ಕಡೆ ವೃಷಭಾವತಿ ಕಣಿವೆ, ಇನ್ನೊಂದು ಕಡೆ ಕೋರಮಂಗಲ, ಚಲ್ಲಘಟ್ಟದ ಕಣಿವೆ, ಉತ್ತರಕ್ಕೆ ಹೆಬ್ಬಾಳದ ಕಣಿವೆ. ಹಳೇ ಕೆರೆಗಳೆಲ್ಲ ತಗ್ಗಿನಲ್ಲಿ, ಹಳೇ ಬಡಾವಣೆಗಳು ಹೆಚ್ಚಾಗಿ ಏರಿನಲ್ಲಿ. ನನ್ನ ದಾರಿಯನ್ನೇ ನೋಡಿ. ಗಿರಿನಗರದಿಂದ ಹನುಮಂತನಗರಕ್ಕೆ ಹತ್ತಬೇಕು. ರಾಮಾಂಜನೇಯ ಗುಡ್ಡದ ಸುತ್ತಮುತ್ತ ಯಾವ ಅಡ್ಡರಸ್ತೆ ಹಿಡಿದರೂ ಏರೇ. ಆಮೇಲೆ ಗವಿಪುರದ ಕಡೆ ಕೆಂಪಾಂಬುಧಿ ಕೆರೆಯತ್ತ ಇಳಿಜಾರು. ಮತ್ತೆ ಚಾಮರಾಜಪೇಟೆ, ಅಲ್ಲಿಂದ ಮೆಜೆಸ್ಟಿಕ್. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಹಳೇ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕೆರೆಯ ತಳಕ್ಕೆ ಇಳಿದ ಮೇಲೆ ಶೇಷಾದ್ರಿಪುರ, ಮಲ್ಲೇಶ್ವರದ ಕಡೆ ಹೋಗಬೇಕಾದರೆ ಹತ್ತಲೇಬೇಕಲ್ವಾ? ಒಂದು ಕಡೆಗೆ ಸುಮಾರು 10 ಕಿಲೋಮೀಟರ್. ಬರುವಾಗ ಇಳಿದಿದ್ದನ್ನೆಲ್ಲ ಹತ್ತಬೇಕು.

ಕಿಟ್‌ನ ಡಬ್ಬದ ಮೇಲೆ 60 ಕಿಲೋಮೀಟರ್ ಅಂತ ಬರೆದಿತ್ತು. ಆ ಲೆಕ್ಕಕ್ಕೆ ಮಲ್ಲೇಶ್ವರಕ್ಕೆ ಮೂರು ಸಲ ಹೋಗಿ ಬರಬಹುದು. ಮೊದಲ ಬ್ಯಾಟರಿಯಲ್ಲಿ ಒಂದು ಸಲ ಹೋಗಿ ಬಂದು, ಗಾಂಧಿ ಬಜಾರ್‌ಗೆ ಒಂದು ಸುತ್ತು ಹಾಕುವಷ್ಟರಲ್ಲಿ ಮೋಟಾರ್ ಸುಮ್ಮನಾಗುತ್ತಿತ್ತು. ಅದೂ ಸಮತಟ್ಟಿನಲ್ಲಿ ಅಲ್ಲ. ಸರಿಯಾಗಿ ಏರಿನ ನಡುವೆ, ಎಲ್ಲಿ ಬೇಕೋ ಅಲ್ಲೇ.

ಇಲ್ಲಿ ಲೆಕ್ಕ ಸ್ವಲ್ಪ ಹೇಳಬೇಕು. ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಹಿಡಿಸುತ್ತದೆ ಅನ್ನುವುದನ್ನು ವ್ಯಾಟ್ ಅವರ್‌ನಲ್ಲಿ ಅಳೆಯುತ್ತಾರೆ. ವೋಲ್ಟ್ ಅನ್ನು ಆಂಪಿಯರ್ ಅವರ್‌ನಿಂದ ಗುಣಿಸಿದರೆ ಬರುತ್ತದೆ. ನನಗೆ ಕೊಟ್ಟ ಬ್ಯಾಟರಿಯ ಸ್ಟಿಕ್ಕರ್ ಮೇಲೆ 36 ವೋಲ್ಟ್, 10 ಆಂಪಿಯರ್ ಅವರ್ ಅಂತ ಇತ್ತು. ಅಂದರೆ 360 ವ್ಯಾಟ್ ಅವರ್. ಅದರಲ್ಲಿ 60 ಕಿಲೋಮೀಟರ್ ಹೋಗಬೇಕಾದರೆ ಕಿಲೋಮೀಟರ್‌ಗೆ 6 ವ್ಯಾಟ್ ಅವರ್ ಮಾತ್ರ ಖರ್ಚಾಗಬೇಕು. ತೆಳ್ಳಗಿನ ಸವಾರ, ಹೊರೆ ಇಲ್ಲ, ಸಮತಟ್ಟು ರಸ್ತೆ, ಸಿಗ್ನಲ್ ಇಲ್ಲ, ಪೆಡಲ್ ಚೆನ್ನಾಗಿ ತುಳಿಯುತ್ತಿದ್ದಾನೆ ಅಂದರೆ ಅದು ಸಾಧ್ಯ. ನನಗೆ ತುಳಿಯದೇ ಬರೀ ಥ್ರಾಟಲ್ (ಹ್ಯಾಂಡಲ್ ಮೇಲಿರುವ, ಮೋಟಾರ್ ಓಡಿಸುವ ಹಿಡಿ) ಹಿಡಿದರೆ 11, 12 ಆಗುತ್ತದೆ. ನಾನೂ ತುಳಿದರೆ 8, 9.

ಎಲ್ಲಿ ಹೋಗುತ್ತದೆ ಅಷ್ಟು ಕರೆಂಟ್? ನಾನು, ಸೈಕಲ್, ಕಿಟ್, ಸಾಮಾನು ಎಲ್ಲ ಸೇರಿ 110 ಕೆಜಿ. ಇಷ್ಟನ್ನು 10 ಮೀಟರ್ ಮೇಲೆತ್ತಲು 3 ವ್ಯಾಟ್ ಅವರ್ ಬೇಕು. ಮೋಟಾರ್‌ನಲ್ಲಿ ಬಿಸಿಯಾಗಿ ಹೋಗುವುದನ್ನೂ ಸೇರಿಸಿದರೆ 4. ಅಂದರೆ ಮೂರು ಮಹಡಿ ಎತ್ತರದಷ್ಟು ಏರು ಹತ್ತಿದರೆ ಅರ್ಧ ಕಿಲೋಮೀಟರ್ ದಾರಿ ಕಳೆದುಕೊಂಡಂತೆ. ಇದು ನಾನು ಮೊದಲೇ ಊಹಿಸಿದ್ದ ಖರ್ಚು. ಊಹಿಸದೇ ಇದ್ದದ್ದು ಸಿಗ್ನಲ್‌ನದು. ನಿಂತಿದ್ದ 110 ಕೆಜಿಯನ್ನು ಗಂಟೆಗೆ 25 ಕಿಲೋಮೀಟರ್ ವೇಗಕ್ಕೆ ತರಲು ಮುಕ್ಕಾಲು ವ್ಯಾಟ್ ಅವರ್ ಬೇಕು. ಹೊರಡುವಾಗ ಮೋಟಾರ್ ನಿಧಾನಕ್ಕೆ ಸುತ್ತುತ್ತಿರುತ್ತದೆ, ಆಗ ಅದು ಎಳೆಯುವ ಕರೆಂಟಿನ ಅರ್ಧದಷ್ಟು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಒಂದೊಂದು ಸಲ ನಿಂತು ಹೊರಟರೂ ಸುಮಾರು ಒಂದೂವರೆ ವ್ಯಾಟ್ ಅವರ್. ಚಾಮರಾಜಪೇಟೆಯಿಂದ ಮೆಜೆಸ್ಟಿಕ್ ದಾಟುವವರೆಗೆ ಎಷ್ಟು ಸಲ ನಿಲ್ಲಬೇಕಾಗುತ್ತದೆ ಅಂತ ಆ ರಸ್ತೆಯಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ. ಏರಿನಷ್ಟೇ ಕರೆಂಟ್ ಟ್ರಾಫಿಕ್‌ಗೂ ಹೋಗುತ್ತದೆ.

ಇಷ್ಟು ಗೊತ್ತಾದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ನಿಂತಲ್ಲಿಂದ ಹೊರಡುವಾಗ ಥ್ರಾಟಲ್ ಮುಟ್ಟುವುದಿಲ್ಲ. ಹಗುರವಾದ ಗಿಯರ್‌ಗೆ ಹಾಕಿ ನಾಲ್ಕು ಸಲ ಪೆಡಲ್ ತುಳಿದು, ಸೈಕಲ್ ಉರುಳಲು ಶುರುವಾದ ಮೇಲೆ ಮೋಟಾರ್‌ನ ಸಹಾಯ ತಗೊಳ್ಳುತ್ತೇನೆ. ಇದೊಂದರಿಂದಲೇ ಎಷ್ಟೋ ಕಿಲೋಮೀಟರ್ ಉಳಿಯುತ್ತದೆ.

ಆದರೂ ಲೆಕ್ಕ ಕೂಡಿ ಬರುತ್ತಿರಲಿಲ್ಲ. ಕಿಲೋಮೀಟರ್‌ಗೆ 9 ಅಂದುಕೊಂಡರೂ 360 ವ್ಯಾಟ್ ಅವರ್‌ಗೆ 40 ಕಿಲೋಮೀಟರ್ ಬರಬೇಕು. ಬರುತ್ತಿದ್ದದ್ದು 30ರ ಒಳಗೆ. ಆಗ ಗೋಡೆಯ ಪ್ಲಗ್‌ಗೂ ಚಾರ್ಜರ್‌ಗೂ ನಡುವೆ ಸಿಕ್ಕಿಸುವ ಒಂದು ಯೂನಿಟ್ ಮೀಟರ್ ತಂದೆ. ಚಿಕ್ಕ ವಸ್ತು, ಆನ್‌ಲೈನ್‌ನಲ್ಲೂ ಸಿಗುತ್ತದೆ, ಎಲೆಕ್ಟ್ರಿಕಲ್ ಅಂಗಡಿಗಳಲ್ಲೂ ಸಿಗುತ್ತದೆ. ಸೈಕಲ್‌ಗೆ ಬ್ಯಾಟರಿ ಹಾಕಿಸುವ ಪ್ರತಿಯೊಬ್ಬರೂ ಇದನ್ನು ಮೊದಲು ಕೊಳ್ಳಬೇಕು. ಬ್ಯಾಟರಿ ಪೂರ್ತಿ ಖಾಲಿಯಾಗಿ ಮೋಟಾರ್ ನಿಂತ ಮೇಲೆ, ಆರಲು ಬಿಟ್ಟು, ಮೀಟರ್ ಮೂಲಕ ಪೂರ್ತಿ ಚಾರ್ಜ್ ಮಾಡಿದೆ. ಮೀಟರ್ ತೋರಿಸಿದ್ದು 0.33 ಯೂನಿಟ್. ಒಂದು ಯೂನಿಟ್ ಅಂದರೆ 1000 ವ್ಯಾಟ್ ಅವರ್. ಅಂದರೆ ಗೋಡೆಯಿಂದ ಬಂದಿದ್ದೇ 330. ಅದರಲ್ಲಿ ಚಾರ್ಜರ್ ಬಿಸಿಯಾಗಿ ಹೋಗುವುದು ನೂರಕ್ಕೆ 12ರಿಂದ 15 ಭಾಗ. ಒಳಗೆ ಸೇರಿದ್ದು 280ರ ಆಸುಪಾಸು. ಅದನ್ನು 36ರಿಂದ ಭಾಗಿಸಿದರೆ 7.8 ಆಂಪಿಯರ್ ಅವರ್. 10 ಎಲ್ಲಿ ಬಂತು?

ಚಟ್ನಿಪುಡಿ ತೂಗುವ ತಕ್ಕಡಿ ಮನೆಯಲ್ಲೇ ಇತ್ತು, ಗ್ರಾಂವರೆಗೆ ಸರಿಯಾಗಿ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ. ಬ್ಯಾಟರಿಯನ್ನೂ ಅದರ ಮೇಲಿಟ್ಟೆ. ಡಬ್ಬ ಸೇರಿ 1.9 ಕೆಜಿ. ಈ ಬ್ಯಾಟರಿಗಳ ಒಳಗೆ ಇರುವುದು ಬೆರಳಿಗಿಂತ ಸ್ವಲ್ಪ ದಪ್ಪ ಇರುವ ಲಿಥಿಯಂ ಸೆಲ್‌ಗಳು, 18650 ಅಂತ ಕರೆಯುತ್ತಾರೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದಕ್ಕೇ ಆ ಹೆಸರು. ಒಂದೊಂದೂ 45ರಿಂದ 50 ಗ್ರಾಂ. ಒಂದು ಸೆಲ್ 3.6 ವೋಲ್ಟ್, ಹತ್ತನ್ನು ಸಾಲಾಗಿ ಜೋಡಿಸಿದರೆ 36 ವೋಲ್ಟ್. ಅಂಥ ಸಾಲುಗಳನ್ನು ಎಷ್ಟು ಪಕ್ಕಪಕ್ಕ ಜೋಡಿಸಿದ್ದಾರೆ ಅನ್ನುವುದರ ಮೇಲೆ ಆಂಪಿಯರ್ ಅವರ್ ನಿಂತಿದೆ. ಸಾಮಾನ್ಯವಾಗಿ ಸಿಗುವ 2600 ಮಿಲಿಆಂಪಿಯರ್ ಅವರ್ ಸೆಲ್ ಆದರೆ, ಮೂರು ಸಾಲಿಗೆ 7.8, ನಾಲ್ಕು ಸಾಲಿಗೆ 10.4. ನಾಲ್ಕು ಸಾಲು ಅಂದರೆ 40 ಸೆಲ್, ಬರೀ ಸೆಲ್‌ಗಳೇ 1.9 ಕೆಜಿ ಹತ್ತಿರ ಬರುತ್ತವೆ. ಡಬ್ಬ, ವೈರ್, ಸೆಲ್‌ಗಳನ್ನು ಕಾಯುವ ಬಿಎಂಎಸ್ ಬೋರ್ಡ್ ಎಲ್ಲ ಸೇರಿದರೆ ಎರಡೂವರೆ ಕೆಜಿ ತೂಗಬೇಕು. ನನಗೆ ಕೊಟ್ಟಿದ್ದರಲ್ಲಿ ಇದ್ದದ್ದು 30 ಸೆಲ್ ಅಂತ ಗೊತ್ತಾಯಿತು. ದುಬಾರಿ 3400ರ ಸೆಲ್ ಹಾಕಿದ್ದರೆ 30ರಲ್ಲೂ 10 ಆಂಪಿಯರ್ ಅವರ್ ಬರುತ್ತದೆ. ಆದ್ದರಿಂದ ತೂಕ ಕಡಿಮೆ ಇದ್ದರೆ ಅನುಮಾನ ಪಡಬಹುದು, ತೀರ್ಮಾನ ಮಾಡಲು ಮಾತ್ರ ಯೂನಿಟ್ ಮೀಟರೇ ಬೇಕು. ನನ್ನ ವಿಷಯದಲ್ಲಿ ಎರಡೂ ಒಂದೇ ಮಾತು ಹೇಳಿದವು.

ಬ್ಯಾಟರಿ ಕೊಟ್ಟವರ ಹತ್ತಿರ ಮೀಟರ್ ಸಮೇತ ಹೋದೆ. ಮೊದಲು ರಸ್ತೆ ಸರಿ ಇಲ್ಲ ಅಂದರು. ಆಮೇಲೆ ನೀವು ಭಾರ ಜಾಸ್ತಿ ಹಾಕುತ್ತೀರಿ ಅಂದರು. ಗೋಡೆಯಿಂದ ಒಳಗೆ ಹೋಗಿದ್ದೇ 330, ಅದಕ್ಕೂ ರಸ್ತೆಗೂ ಏನು ಸಂಬಂಧ ಅಂತ ಕೇಳಿದೆ. ಅಲ್ಲೇ ಚಾರ್ಜ್ ಮಾಡಿ ತೋರಿಸುತ್ತೇನೆ ಅಂತ ಕೂತೆ. ಕೊನೆಗೆ ಬ್ಯಾಟರಿ ವಾಪಸ್ ತಗೊಂಡು ದುಡ್ಡು ಕೊಟ್ಟರು. ಮೀಟರ್ ಇಲ್ಲದೇ ಬರೀ ಬಾಯಿಮಾತಿನಲ್ಲಿ ಹೋಗಿದ್ದರೆ ಆ ದುಡ್ಡು ಬರುತ್ತಿರಲಿಲ್ಲ ಅನ್ನುವುದು ಖಂಡಿತ. ತೂಕದಲ್ಲಿ ಮೋಸ ಮಾಡಬಾರದು ಅಂತ ಹತ್ತು ಗ್ರಾಂ ಪುಡಿಯನ್ನೂ ಮೇಲೆ ಹಾಕಿ ಕಟ್ಟುವವರು ನಾವು. ನಿಜವಾಗಿಯೂ ಬೇಸರವಾಯಿತು.

ಎರಡನೇ ಬ್ಯಾಟರಿಯನ್ನು ಬೇರೆ ಕಡೆ ಹೇಳಿ ಮಾಡಿಸಿದೆ. 40 ಸೆಲ್, ಸೆಲ್‌ಗಳನ್ನು ಜೋಡಿಸುವಾಗ ನಾನೇ ಮುಂದೆ ನಿಂತು ಎಣಿಸಿದೆ. ಖಾಲಿಯಿಂದ ಪೂರ್ತಿ ಚಾರ್ಜ್‌ಗೆ ಮೀಟರ್ 0.43 ತೋರಿಸಿತು, ಅಂದರೆ ಒಳಗೆ 370 ಚಿಲ್ಲರೆ. ಸರಿಯಾಗಿದೆ. ಈಗ ಹೊರೆ ಇಟ್ಟುಕೊಂಡು, ನಾನೂ ತುಳಿಯುತ್ತಾ ಹೋದರೆ 40 ಕಿಲೋಮೀಟರ್ ನೆಮ್ಮದಿಯಾಗಿ ಬರುತ್ತದೆ. ಚೀಲ ಖಾಲಿ ಇದ್ದು ಬೆಳಗ್ಗೆ ಬೇಗ ಹೊರಟರೆ ಇನ್ನೂ ಹೆಚ್ಚು.

ಏರಿನಲ್ಲಿ ಬಲ ಹೇಗೆ ಬದಲಾಯಿತು ಅನ್ನುವುದು ಇನ್ನೂ ಮುಖ್ಯ. ಮೋಟಾರ್ ಮೇಲೆ ಬರೆದಿರುವ 250 ವ್ಯಾಟ್ ಅಂದರೆ ಅದು ಬಿಸಿಯಾಗಿ ಕೆಡದೇ ತುಂಬಾ ಹೊತ್ತು ಕೊಡಬಲ್ಲ ಶಕ್ತಿ. ಸ್ವಲ್ಪ ಹೊತ್ತಿಗೆ ಎಷ್ಟು ಎಳೆಯುತ್ತದೆ ಅನ್ನುವುದನ್ನು ಬ್ಯಾಟರಿಯಿಂದ ಮೋಟಾರ್‌ಗೆ ಕರೆಂಟ್ ಬಿಡುವ ಕಂಟ್ರೋಲರ್ ತೀರ್ಮಾನಿಸುತ್ತದೆ. ನನ್ನ ಕಂಟ್ರೋಲರ್ 15 ಆಂಪಿಯರ್‌ವರೆಗೆ ಬಿಡುತ್ತದೆ. 36 ವೋಲ್ಟ್‌ನಲ್ಲಿ 15 ಆಂಪಿಯರ್ ಅಂದರೆ ಬ್ಯಾಟರಿಯಿಂದ 540 ವ್ಯಾಟ್. ರಾಮಾಂಜನೇಯ ಗುಡ್ಡದ ಪಕ್ಕದ ಏರಿನಲ್ಲಿ ಮೋಟಾರ್ ಎಳೆಯುವುದು ನಿಜವಾಗಿಯೂ ಆ ಮಟ್ಟಕ್ಕೆ ಹೋಗುತ್ತದೆ. ಆ 15 ಆಂಪಿಯರ್ ಅನ್ನು ಮೂರು ಸಾಲು ಹಂಚಿಕೊಂಡರೆ ಒಂದೊಂದು ಸೆಲ್ ಮೇಲೂ 5 ಆಂಪಿಯರ್ ಬೀಳುತ್ತದೆ. ಈ ಜಾತಿಯ ಸೆಲ್‌ಗೆ ಅದು ಹೆಚ್ಚುಕಡಿಮೆ ಮಿತಿ. ನಾಲ್ಕು ಸಾಲು ಹಂಚಿಕೊಂಡರೆ 3.75. ಸೆಲ್ ಮೇಲೆ ಭಾರ ಬಿದ್ದಷ್ಟೂ ಅದರ ವೋಲ್ಟ್ ಕುಸಿಯುತ್ತದೆ. ಹಳೇ ಬ್ಯಾಟರಿಯಲ್ಲಿ ಏರು ಶುರುವಾದ ತಕ್ಷಣ ಡಿಸ್‌ಪ್ಲೇ 36ರಿಂದ 32ಕ್ಕೆ ಇಳಿಯುತ್ತಿತ್ತು. ಹೊಸದು 33ರ ಮೇಲೇ ನಿಲ್ಲುತ್ತದೆ.

ಒಂದು ವೋಲ್ಟ್‌ನಲ್ಲಿ ಏನು ಮಹಾ ಅನ್ನಿಸಬಹುದು. ಬ್ಯಾಟರಿ ಪೂರ್ತಿ ಇದ್ದಾಗ ನಿಜಕ್ಕೂ ಏನೂ ಗೊತ್ತಾಗುವುದಿಲ್ಲ. ಆಗ ವೋಲ್ಟ್ 42ರ ಹತ್ತಿರ ಇರುತ್ತದೆ, ಯಾವ ಬ್ಯಾಟರಿಯಾದರೂ ಚೆನ್ನಾಗೇ ಎಳೆಯುತ್ತದೆ. ಅಂಗಡಿಯಲ್ಲಿ ಟೆಸ್ಟ್ ರೈಡ್ ಕೊಡುವುದು ಯಾವಾಗಲೂ ಪೂರ್ತಿ ಚಾರ್ಜ್ ಆದ ಸೈಕಲ್ಲನ್ನು. ವ್ಯತ್ಯಾಸ ಕಾಣುವುದು ಅರ್ಧಕ್ಕಿಂತ ಕೆಳಗೆ ಇಳಿದ ಮೇಲೆ. ಕಂಟ್ರೋಲರ್ 31 ವೋಲ್ಟ್‌ನ ಸುತ್ತಮುತ್ತ ಮೋಟಾರ್ ನಿಲ್ಲಿಸುತ್ತದೆ, ಬ್ಯಾಟರಿ ಹಾಳಾಗಬಾರದು ಅಂತ. ಸುಮ್ನೆ ನಿಂತಾಗ 34 ವೋಲ್ಟ್ ಇರುವ ಬ್ಯಾಟರಿ, ಏರಿನಲ್ಲಿ ನಾಲ್ಕು ವೋಲ್ಟ್ ಕುಸಿದರೆ 30. ಮೋಟಾರ್ ಬಂದ್. ಎರಡು ನಿಮಿಷ ನಿಂತರೆ ಮತ್ತೆ 34 ತೋರಿಸುತ್ತದೆ, ಹೊರಟರೆ ಮತ್ತೆ ಬಂದ್. ಒಳಗೆ ಇನ್ನೂ ಚಾರ್ಜ್ ಇದೆ, ಆದರೆ ಏರಿಗೆ ಬಳಸಲು ಆಗುವುದಿಲ್ಲ. ನನ್ನ ಮೊದಲ ಬ್ಯಾಟರಿ ಏರಿನ ನಡುವೆಯೇ ಕೈ ಕೊಡುತ್ತಿದ್ದದ್ದು ಇದಕ್ಕೇ. ಜೊತೆಗೆ ವೋಲ್ಟ್ ಇಳಿದ ಹಾಗೆ ಮೋಟಾರ್‌ನ ವೇಗವೂ ಇಳಿಯುತ್ತದೆ. ದಿನದ ಕೊನೆಯ ಏರಿನಲ್ಲಿ ಮೋಟಾರ್ ಸೋತ ಹಾಗೆ ಅನ್ನಿಸಿದರೆ ಮೋಟಾರ್ ಬದಲಾಯಿಸಲು ಓಡಬೇಡಿ, ಬ್ಯಾಟರಿ ನೋಡಿ.

ಹಾಗಿದ್ದರೆ 500 ಅಥವಾ 1000 ವ್ಯಾಟ್ ಮೋಟಾರ್ ಹಾಕಿಸಿದರೆ? ಚಿಕ್ಕ ಬ್ಯಾಟರಿ ಇಟ್ಟುಕೊಂಡು ದೊಡ್ಡ ಮೋಟಾರ್ ಹಾಕಿಸಿದರೆ ಕುಸಿತ ಇನ್ನೂ ಜಾಸ್ತಿಯಾಗುತ್ತದೆ, ಬೇರೇನೂ ಆಗುವುದಿಲ್ಲ. ಕಾನೂನಿನ ಮಾತೂ ಇದೆ. ಪೆಡಲ್ ಜೊತೆ ಸಹಾಯಕ್ಕೆ ಮೋಟಾರ್ ಇರುವ ಸೈಕಲ್‌ಗೆ ನೋಂದಣಿ, ಲೈಸೆನ್ಸ್ ಬೇಡ ಅನ್ನುವ ವಿನಾಯಿತಿ ಸಿಗಬೇಕಾದರೆ, ಮೋಟಾರ್ 30 ನಿಮಿಷ ಸತತವಾಗಿ ಕೊಡುವ ಶಕ್ತಿ 0.25 ಕಿಲೋವ್ಯಾಟ್‌ಗಿಂತ ಕಡಿಮೆ ಇರಬೇಕು. ವೇಗ ಗಂಟೆಗೆ 25 ಕಿಲೋಮೀಟರ್ ಮುಟ್ಟುವಷ್ಟರಲ್ಲಿ ಮೋಟಾರ್ ನಿಲ್ಲಬೇಕು. ಅದನ್ನು ಮೀರಿದರೆ ಕಾನೂನಿನ ಕಣ್ಣಿಗೆ ಅದು ಮೋಟಾರು ವಾಹನ. ನಂಬರ್ ಪ್ಲೇಟ್ ಇಲ್ಲದ, ಇನ್ಶೂರೆನ್ಸ್ ಇಲ್ಲದ ವಾಹನದಲ್ಲಿ ಯಾರಿಗಾದರೂ ತಾಗಿಸಿದರೆ ಯಾರು ಹೊಣೆ? ಅಂಗಡಿಯವರು ಸಾವಿರ ವ್ಯಾಟ್ ಮಾರುತ್ತಾರೆ, ಈ ಮಾತು ಹೇಳುವುದಿಲ್ಲ. ಅಲ್ಲದೇ ಸೈಕಲ್‌ನ ಬ್ರೇಕು, ಫೋರ್ಕು, ಕಡ್ಡಿ ಯಾವುದೂ ಆ ವೇಗಕ್ಕೆ ಮಾಡಿದ್ದಲ್ಲ.

ಏರಿಗೆ ನಿಜವಾಗಿ ಎಷ್ಟು ಬೇಕು ಅಂತ ನೋಡಿ. ನೂರು ಮೀಟರ್ ಹೋದರೆ ಎಂಟು ಮೀಟರ್ ಏರುವ ರಸ್ತೆ ಚೆನ್ನಾಗೇ ಕಡಿದು. ಅಲ್ಲಿ ನನ್ನ 110 ಕೆಜಿಯನ್ನು ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಹತ್ತಿಸಲು ಸುಮಾರು 320 ವ್ಯಾಟ್ ಸಾಕು. ನಾನು ತುಳಿದು 100 ಕೊಟ್ಟರೆ ಮೋಟಾರ್ 220 ಕೊಡಬೇಕು. 250ರ ಮೋಟಾರ್ ಅದನ್ನು ಮಾಡುತ್ತದೆ. ಅದೇ ಏರನ್ನು 20ರ ವೇಗದಲ್ಲಿ ಹತ್ತುತ್ತೇನೆ ಅಂದರೆ ಸುಮಾರು 600 ಬೇಕು. ಅವಸರಕ್ಕೆ ತೆರುವ ಬೆಲೆ ಅದು.

ಇನ್ನೊಂದು ಕಡೆಯಿಂದಲೂ ಎಚ್ಚರ ಬೇಕು. ತೀರಾ ನಿಧಾನವಾದರೆ ಹಬ್ ಮೋಟಾರ್ ಒಳಗೆ ಕರೆಂಟ್ ಬಿಸಿಯಾಗಿ ಹೋಗುವುದೇ ಹೆಚ್ಚು. ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ನನ್ನದು ಗಿಯರ್ಡ್ ಹಬ್, ಒಳಗೆ ನೈಲಾನ್ ಹಲ್ಲುಚಕ್ರಗಳಿವೆ. ಬಿಸಿ ಅವಕ್ಕೆ ಆಗಿಬರುವುದಿಲ್ಲ. ನಡೆಯುವ ವೇಗಕ್ಕೆ ಇಳಿದರೆ ನಾನು ಥ್ರಾಟಲ್ ಬಿಟ್ಟು ಇಳಿದು ತಳ್ಳುತ್ತೇನೆ. ಹಿಂದಿನ ಏಳು ಗಿಯರ್‌ಗಳನ್ನು ಹಾಗೇ ಉಳಿಸಿಕೊಂಡಿದ್ದರಿಂದ ಆ ಸ್ಥಿತಿ ಬರುವುದು ಅಪರೂಪ. ಯಾರಾದರೂ ಮೆಕ್ಯಾನಿಕ್ ಮೋಟಾರ್ ಬಂದ ಮೇಲೆ ಗಿಯರ್ ಯಾಕೆ, ತೆಗೆದುಬಿಡೋಣ ಅಂದರೆ ಒಪ್ಪಬೇಡಿ.

ಕೂರಿಸಿದ ಕೆಲಸದ ಬಗ್ಗೆ ಹೇಳಬೇಕು, ಯಾಕೆಂದರೆ ನನ್ನ ಮೆಕ್ಯಾನಿಕ್ ಕೆಲಸ ನನಗೆ ತುಂಬಾ ಹಿಡಿಸಿತು. ಹಿಂದಿನ ಚಕ್ರಕ್ಕೆ ಮೋಟಾರ್ ಹಾಕಲು ಫ್ರೇಮ್‌ನ ಎರಡು ಕಾಲುಗಳ ನಡುವೆ 135 ಮಿಲಿಮೀಟರ್ ಜಾಗ ಬೇಕು. ಅದನ್ನು ಸ್ಕೇಲ್ ಇಟ್ಟು ಅಳೆದ ಮೇಲೆಯೇ ಅವರು ಮಾತು ಶುರು ಮಾಡಿದ್ದು. ಹಳೇ ಕಾಲದ ದೊಡ್ಡ ಸೈಕಲ್‌ಗಳಲ್ಲಿ ಅಷ್ಟು ಜಾಗ ಇರುವುದಿಲ್ಲ. ಅವಕ್ಕೆ ಮುಂದಿನ ಚಕ್ರದ ಮೋಟಾರ್ ಹಾಕುತ್ತಾರೆ. ಮುಂದೆ ಹಾಕಿಸುವುದಾದರೆ ಕಬ್ಬಿಣದ ಫೋರ್ಕ್ ಇರಲೇಬೇಕು. ಅಲ್ಯೂಮಿನಿಯಂ ಫೋರ್ಕ್‌ನ ತುದಿ ಮೋಟಾರ್ ತಿರುಚುವ ಬಲಕ್ಕೆ ಮುರಿಯಬಹುದು, ಚಕ್ರವೇ ಕಳಚಿ ಬೀಳಬಹುದು. ಮುಂದಾಗಲಿ ಹಿಂದಾಗಲಿ, ಆಕ್ಸಲ್ ತಿರುಗದಂತೆ ಹಿಡಿಯುವ ಟಾರ್ಕ್ ಆರ್ಮ್ ಅನ್ನುವ ಕಬ್ಬಿಣದ ಪಟ್ಟಿ ಹಾಕಿಸಿ. ಕಿಟ್ ಜೊತೆ ಬರದಿದ್ದರೂ ಕೇಳಿ ಹಾಕಿಸಿ. ಚಿಕ್ಕ ಪಟ್ಟಿ ಅಂತ ಬಿಡಬೇಡಿ. ನನ್ನ ಮಟ್ಟಿಗೆ ಇಡೀ ಕಿಟ್‌ನಲ್ಲಿ ಜೀವ ಉಳಿಸುವ ಭಾಗ ಅದು. ಬ್ರೇಕ್ ಹಿಡಿದ ತಕ್ಷಣ ಮೋಟಾರ್ ನಿಲ್ಲಿಸುವ ಸ್ವಿಚ್ ಇರುವ ಲಿವರ್‌ಗಳೂ ಅಷ್ಟೇ ಮುಖ್ಯ.

ವೈರ್‌ಗಳನ್ನು ಅವರು ಎಳೆದ ರೀತಿ ನೋಡಿ ಸಂತೋಷವಾಯಿತು. ಮೋಟಾರ್‌ಗೆ ಹೋಗುವ ವೈರ್ ಆಕ್ಸಲ್‌ಗಿಂತ ಸ್ವಲ್ಪ ಕೆಳಗೆ ಜೋತು, ಆಮೇಲೆ ಮೇಲೆ ಬಂದು ಒಳಗೆ ಹೋಗುತ್ತದೆ. ಮಳೆ ನೀರು ವೈರ್ ಹಿಡಿದು ಇಳಿದರೂ ಆ ಬಾಗಿನಲ್ಲಿ ತೊಟ್ಟಿಕ್ಕಿ ಬಿದ್ದುಹೋಗುತ್ತದೆ, ಮೋಟಾರ್ ಒಳಗೆ ಹೋಗುವುದಿಲ್ಲ. ಜೋರು ಮಳೆಯಲ್ಲಿ ನೆನೆದಿದ್ದೇನೆ, ಏನೂ ಆಗಿಲ್ಲ. ಆದರೆ ಅಂಡರ್‌ಪಾಸ್‌ನಲ್ಲಿ ನೀರು ನಿಂತು ಹಬ್ ಮುಳುಗುವಷ್ಟಿದ್ದರೆ ಇಳಿಯುವುದಿಲ್ಲ.

ನನಗೆ ಹಿಡಿಸದ ಭಾಗ ಪೆಡಲ್ ಸೆನ್ಸರ್. ಪೆಡಲ್ ಹತ್ತಿರ ಮ್ಯಾಗ್ನೆಟ್ ಕೂರಿಸಿದ ಒಂದು ಬಿಲ್ಲೆ ಇರುತ್ತದೆ. ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಅನ್ನುವುದು ಮಾತ್ರ ಅದಕ್ಕೆ ಗೊತ್ತು. ನಾನು ಎಷ್ಟು ಬಲ ಹಾಕಿ ತುಳಿಯುತ್ತಿದ್ದೇನೆ ಅಂತ ಗೊತ್ತಿಲ್ಲ. ಸುಮ್ನೆ ಕಾಲಾಡಿಸಿದರೂ ಪೂರ್ತಿ ಕರೆಂಟ್ ಬಿಡುತ್ತದೆ, ಏರಿನಲ್ಲಿ ಹೊರಡುವಾಗ ಬೇಕಾದ ಕ್ಷಣಕ್ಕೆ ಬಿಡುವುದಿಲ್ಲ. ಬಲ ಅಳೆಯುವ ಟಾರ್ಕ್ ಸೆನ್ಸರ್ ಇರುವ ಕಿಟ್‌ಗಳಿವೆ, ಬೆಲೆ ಜಾಸ್ತಿ. ದುಡ್ಡು ಇದ್ದರೆ 350 ವ್ಯಾಟ್‌ಗೆ ಸುರಿಯುವ ಬದಲು ಅದಕ್ಕೆ ಹಾಕಿ. ಬ್ಯಾಟರಿ ಕಡ್ಡಿಗಳನ್ನು ತೋರಿಸುವ ಡಿಸ್‌ಪ್ಲೇಯನ್ನೂ ನಂಬಬೇಡಿ. ಅದು ವೋಲ್ಟ್ ನೋಡಿ ಹೇಳುತ್ತದೆ, ಏರಿನಲ್ಲಿ ಎರಡು ಕಡ್ಡಿ, ಇಳಿಜಾರಿನಲ್ಲಿ ನಾಲ್ಕು. ವೋಲ್ಟ್ ಅನ್ನು ಅಂಕಿಯಲ್ಲಿ ತೋರಿಸುವ ಡಿಸ್‌ಪ್ಲೇ ಕೇಳಿ.

ಇಳಿಜಾರಿನಲ್ಲಿ ಬ್ಯಾಟರಿ ತಾನಾಗಿ ಚಾರ್ಜ್ ಆಗುತ್ತದೆ ಅಂತ ಹೇಳಿ ಮಾರುವವರೂ ಸಿಕ್ಕರು. ಗಿಯರ್ಡ್ ಹಬ್‌ನಲ್ಲಿ ಅದು ಆಗುವುದಿಲ್ಲ. ಇಳಿಯುವಾಗ ಚಕ್ರವನ್ನು ಮೋಟಾರ್‌ನಿಂದ ಬಿಡಿಸುವ ಕ್ಲಚ್ ಒಳಗಿದೆ. ಆ ಕ್ಲಚ್ ಇರುವುದರಿಂದಲೇ ಕರೆಂಟ್ ಮುಗಿದ ಮೇಲೂ ಸೈಕಲ್ ಹಗುರವಾಗಿ ಉರುಳುತ್ತದೆ. ಗಿಯರ್ ಇಲ್ಲದ ಡೈರೆಕ್ಟ್ ಡ್ರೈವ್ ಹಬ್‌ನಲ್ಲಿ ಚಾರ್ಜ್ ಸಾಧ್ಯ, ಆದರೆ ಮೋಟಾರ್ ತುಂಬಾ ಭಾರ, ಸೈಕಲ್ ವೇಗದಲ್ಲಿ ವಾಪಸ್ ಸಿಗುವುದೂ ಸ್ವಲ್ಪವೇ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಮೋಟಾರ್, ಕಂಟ್ರೋಲರ್, 40 ಸೆಲ್‌ನ ಬ್ಯಾಟರಿ, ಚಾರ್ಜರ್, ಕೂಲಿ ಎಲ್ಲ ಸೇರಿ ನನಗೆ ಆಗಿದ್ದು ಸುಮಾರು 29,000 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬ್ಯಾಟರಿಗೇ ಹೋಯಿತು, ಹೋಗಬೇಕಾದದ್ದೂ ಹಾಗೇ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ಒಂದು ಪೂರ್ತಿ ಚಾರ್ಜ್‌ಗೆ ಮೂರು ರೂಪಾಯಿ ಆಗುವುದಿಲ್ಲ. 2 ಆಂಪಿಯರ್ ಚಾರ್ಜರ್, ಪೂರ್ತಿ ಆಗಲು ಐದು ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕು. ಓಡಿಸಿ ಬಂದ ತಕ್ಷಣ ಬಿಸಿ ಬ್ಯಾಟರಿಗೆ ಚಾರ್ಜರ್ ಹಾಕುವುದಿಲ್ಲ. ರಾತ್ರಿ ಹಾಕಿ ಮಲಗುವುದಿಲ್ಲ. ಅಡುಗೆಮನೆಯಿಂದ ದೂರ, ನಾವು ಎದ್ದಿರುವಾಗ, ಕಣ್ಣಿಗೆ ಕಾಣುವ ಜಾಗದಲ್ಲಿ ಚಾರ್ಜ್ ಮಾಡುತ್ತೇವೆ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವುದು ಸುಲಭವಲ್ಲ.

ಟೈರ್‌ನ ಗಾಳಿಯನ್ನೂ ವಾರಕ್ಕೊಮ್ಮೆ ನೋಡಿ. ದಪ್ಪ ಹಲ್ಲಿನ ಟೈರ್ ತೆಗೆದು ನುಣುಪು ಟೈರ್ ಹಾಕಿಸಿ, ಗಾಳಿ ಗಟ್ಟಿಯಾಗಿ ಇಟ್ಟ ಮೇಲೆ ಕಿಲೋಮೀಟರ್‌ಗೆ ಒಂದು ವ್ಯಾಟ್ ಅವರ್ ಹತ್ತಿರ ಉಳಿಯಿತು. ಇಷ್ಟು ಅಗ್ಗದಲ್ಲಿ ಬೇರೆ ಯಾವ ರೀತಿಯಲ್ಲೂ ರೇಂಜ್ ಸಿಗುವುದಿಲ್ಲ.

ಮನೆ ಇರುವುದೇ ತುಂಬಾ ಕಡಿದಾದ ಏರಿನ ತುದಿಯಲ್ಲಿ, ದಿನಾ 30 ಕೆಜಿ ಹೊರೆ ಅಂದರೆ ನಾನು ಈ ಹಬ್ ಕಿಟ್ ಹೇಳುವುದಿಲ್ಲ. ಪೆಡಲ್ ಜಾಗದಲ್ಲಿ ಕೂರುವ ಮಿಡ್ ಡ್ರೈವ್ ಮೋಟಾರ್ ನೋಡಿ. ಅದು ಸೈಕಲ್‌ನ ಗಿಯರ್‌ಗಳ ಮೂಲಕ ಎಳೆಯುವುದರಿಂದ ಅದೇ 250 ವ್ಯಾಟ್‌ನಲ್ಲಿ ಕಡಿದಾದ ಏರನ್ನೂ ಹೆಚ್ಚು ಬಿಸಿಯಾಗದೇ ಹತ್ತುತ್ತದೆ. ಚೈನು, ಗಿಯರು ಬೇಗ ಸವೆಯುತ್ತವೆ, ಬೆಲೆಯೂ ಜಾಸ್ತಿ. ಅದನ್ನು ಕೊಳ್ಳುವಾಗಲೂ ಬ್ಯಾಟರಿಯನ್ನು ತಕ್ಕಡಿಯ ಮೇಲಿಡಿ, ಒಮ್ಮೆ ಪೂರ್ತಿ ಖಾಲಿಯಾದ ಮೇಲೆ ಯೂನಿಟ್ ಮೀಟರ್ ಮೂಲಕವೇ ಚಾರ್ಜ್ ಮಾಡಿ, ಬಿಲ್ ಮೇಲೆ ವ್ಯಾಟ್ ಅವರ್ ಎಷ್ಟು ಅಂತ ಬರೆಸಿಕೊಳ್ಳಿ.